ಕೆಂಪಮ್ಮನ ಬೆನ್ನ ಹಿಂದಿನ ಹುತ್ತ

ನನ್ನ ಮೇಜಿನ ಮೇಲೆ ಒಂದು ಪೆನ್ಸಿಲ್ ಚಿತ್ರವಿದೆ. ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಾರೆ. ಅವರ ಬೆನ್ನ ಹಿಂದೆ ಲಂಟಾನ ಪೊದೆ. ಪೊದೆಯ ಬುಡದಲ್ಲಿ ಒಂದು ಹುತ್ತ.

ಹೆಂಗಸು ನಿಜ. ಮರ ನಿಜ. ಪೊದೆಯೂ ನಿಜ. ಆ ಜಾಗದಲ್ಲಿ ಹುತ್ತ ಮಾತ್ರ ಇಲ್ಲ. ಎಂದೂ ಇರಲಿಲ್ಲವಂತೆ.

ಇದು ಗೊತ್ತಾದಂದಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ನನ್ನ ಚಿತ್ರದ ಹುಚ್ಚು ನಿಮಗೆ ಹೊಸದಲ್ಲ. (ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೂತವರನ್ನು ಬರೆಯಲು ಹೋಗಿ ಬೈಸಿಕೊಂಡ ಕತೆಯನ್ನು ಇದೇ ಅಂಕಣದಲ್ಲಿ ಹೇಳಿದ್ದೆ.) ವಾರವೆಲ್ಲ ಕಾಲೇಜಿನಲ್ಲಿ ಪಾಠ, ಭಾನುವಾರ ಪೆನ್ಸಿಲ್. ಜೊತೆಗೆ ಸೋಮು. ಕೊಪ್ಪದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಅವನೂ ಚೆನ್ನಾಗಿ ಬರೆಯುತ್ತಾನೆ, ಆದರೆ ಫೋಟೋ ನೋಡಿಕೊಂಡು.

"ಕ್ಲಿಕ್ ಅಂದ್ರೆ ಮುಗೀತು ಕಣಯ್ಯ. ಮನೇಲಿ ಫ್ಯಾನ್ ಕೆಳಗೆ ಕೂತು ಬರ್ಕೊ. ಫೋಟೋ ಕೆಮ್ಮಲ್ಲ, ಕೆರ್ಕೊಳಲ್ಲ."

ನನ್ನ ವಾದ ಬೇರೆ. ಫೋಟೋದಲ್ಲಿ ಮೈ ಚಪ್ಪಟೆ. ತೋಳಿನ ಭಾರ ಎಲ್ಲಿ ಇಳಿದಿದೆ, ಬೆನ್ನು ಅದನ್ನು ಹೇಗೆ ಹೊತ್ತಿದೆ ಎನ್ನುವುದು ಎದುರಿಗೆ ಕೂತವರನ್ನು ನೋಡಿ ನೋಡಿಯೇ ಕೈಗೆ ಹತ್ತಬೇಕು. ಕಂಡದ್ದನ್ನು ಬರೆ, ಗೊತ್ತಿರುವುದನ್ನು ಬರೆಯಬೇಡ ಎನ್ನುತ್ತಿದ್ದರು ನನಗೆ ಕಲಿಸಿದವರು. ನಾನೂ ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಕೊನೆಗೆ ಪಂದ್ಯವೇ ಆಯಿತು. ಎಚ್.ಡಿ. ಕೋಟೆ ದಾಟಿ ಎನ್. ಬೇಗೂರಿನ ಕಡೆ ಸೋಮುವಿನ ದೊಡ್ಡಮ್ಮ ಕೆಂಪಮ್ಮನವರ ಹೊಲವಿದೆ. ಹೊಲ ಮುಗಿದಲ್ಲಿ ಪೊದೆ, ಪೊದೆ ಮುಗಿದಲ್ಲಿ ಕಾಡು. ಕೆಂಪಮ್ಮನೇ ಇಬ್ಬರಿಗೂ ಮಾಡೆಲ್. ಅವನು ಫೋಟೋ ತೆಗೆದು ಮನೆಯಲ್ಲಿ ಬರೆಯುವುದು, ನಾನು ಅಲ್ಲೇ ಕೂತು ಬರೆಯುವುದು. ಯಾರ ಚಿತ್ರದಲ್ಲಿ ಜೀವ ಇರುತ್ತದೋ ನೋಡೋಣ ಅಂತ.

"ನನ್ ಮೊಕ ಬರ್ದು ಏನ್ ಮಾಡೀರಿ ಮೇಷ್ಟ್ರೇ, ಹೊಲಕ್ಕೆ ಬೆದರುಬೊಂಬೆ ಬೇಕಿತ್ತಾ?" ಎಂದು ಕೆಂಪಮ್ಮ ನಕ್ಕರು.

"ಅಲ್ಲಾಡದೆ ಕೂತ್ಕೊಳ್ಳಿ, ಅಷ್ಟು ಸಾಕು" ಎಂದೆ.

ಸೋಮು ಒಂದು ಫೋಟೋ ತೆಗೆದ. ನಾನು ಬರೆಯಲು ಶುರು ಮಾಡಿದೆ. ಪಕ್ಕದಲ್ಲಿ ಕಟ್ಟಿದ್ದ ಕರು ಇದ್ದಕ್ಕಿದ್ದಂತೆ ಹಗ್ಗ ಜಗ್ಗತೊಡಗಿತು. ಕೆಂಪಮ್ಮ ಅತ್ತ ತಿರುಗಿದರು. ಪೋಸ್ ಕೆಟ್ಟಿತು. "ಅದನ್ನ ಆಚೆ ಕಟ್ಟೋ" ಎಂದು ಸೋಮುವಿಗೆ ರೇಗಿದೆ. ಅವನು ಕರುವನ್ನು ಹೊಲದ ಆ ತುದಿಯ ಕೊಟ್ಟಿಗೆಗೆ ಹೊಡೆದುಕೊಂಡು ಹೊರಟ. ಹೊಡೆದುಕೊಂಡು ಹೋದದ್ದೆಲ್ಲಿ, ಕರುವೇ ಅವನನ್ನು ಎಳೆದುಕೊಂಡು ಓಡಿತು. ನನಗೆ ನಗು ಬಂತು.

ಉಳಿದವರು ನಾವಿಬ್ಬರು. (ಹಾಗೆಂದುಕೊಂಡಿದ್ದೆ.)

ಮುಖ, ಭುಜ ಆದ ಮೇಲೆ ಹಿನ್ನೆಲೆಗೆ ಬಂದೆ. ಪೊದೆಯ ನೆರಳಿನಲ್ಲಿ ಕಂದು ಬಣ್ಣದ ಗುಡ್ಡೆ. ಹುತ್ತ. ಆ ಕಡೆ ಹೊಲಕ್ಕೊಂದು ಹುತ್ತ ಇದ್ದೇ ಇರುತ್ತದೆ. ತೋಳು ಚಾಚಿ, ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದೆ. ಹುತ್ತದ ತುದಿ ಕೆಂಪಮ್ಮನ ಮೊಣಕೈ ಎತ್ತರಕ್ಕಿತ್ತು. ಬರೆದೆ. ಒಣ ಮಣ್ಣು ಬಿರಿದ ಗೆರೆಗಳನ್ನೂ ಹಾಕಿದೆ.

ಸೆರಗಿನ ಮಡಿಕೆ ತಿದ್ದಿ ಮತ್ತೆ ತಲೆಯೆತ್ತಿದರೆ ಹುತ್ತ ಭುಜದವರೆಗೆ ಬಂದಿದೆ. ಅಳತೆ ತಪ್ಪಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ರಬ್ಬರ್ ತೆಗೆದು ಅಳಿಸಿ, ದೊಡ್ಡದಾಗಿ ಬರೆದೆ. ತುದಿಯಲ್ಲಿ ದುಂಡನೆಯ ಉಬ್ಬೊಂದು ಕಂಡಿತು. ಕಂಡದ್ದನ್ನು ಬರೆಯಬೇಕಲ್ಲ, ಬರೆದೆ. ನೋಡಿದರೆ ಕಿವಿಯ ಹಾಗಿದೆ. ಹುತ್ತಕ್ಕೆಲ್ಲಿಯ ಕಿವಿ? ಜನ ನಗುತ್ತಾರೆ. ಅದನ್ನೂ ಅಳಿಸಿಬಿಟ್ಟೆ.

ಆಗಲೇ ಕೆಂಪಮ್ಮ ಹಿಂದಕ್ಕೆ ಕತ್ತು ತಿರುಗಿಸಲು ಹೊರಟರು.

"ಅಲ್ಲಾಡಬೇಡಿ" ಎಂದೆ. ತುಸು ಗದರಿಯೇ ಎಂದೆ.

ಅವರು ಅಲ್ಲಾಡಲಿಲ್ಲ. ಆಮೇಲೆ ನನ್ನ ಅಳತೆಯೂ ತಪ್ಪಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಸೋಮು ಕೊಟ್ಟಿಗೆಯ ಹತ್ತಿರ ನಿಲ್ಲಿಸಿದ್ದ ಬೈಕ್ ಸ್ಟಾರ್ಟ್ ಮಾಡಿ, ಹಾರ್ನ್ ಹೊಡೆಯುತ್ತಾ ಹೊಲದ ನಡುವೆಯೇ ಬಂದ. ಕೆಂಪಮ್ಮ ಎದ್ದು ಸೀರೆ ಕೊಡವಿಕೊಂಡರು. ಅದೇ ಜಾಗದಲ್ಲಿ ಅವರನ್ನು ನಿಲ್ಲಿಸಿ ಸೋಮು ಇನ್ನೊಂದು ಫೋಟೋ ತೆಗೆದ. ನಾನು ಪೊದೆಯ ಕಡೆ ನೋಡಲಿಲ್ಲ. ಬರೆದು ಮುಗಿಸಿದ ಮೇಲೆ ಎದುರಿಗಿದ್ದದ್ದನ್ನು ಯಾರು ನೋಡುತ್ತಾರೆ? ನಾನು ನನ್ನ ಚಿತ್ರವನ್ನೇ ನೋಡುತ್ತಾ ನಿಂತಿದ್ದೆ.

ರೋಲ್ ತೊಳೆಸಿ ಪ್ರಿಂಟ್ ಬರಲು ವಾರ ಹಿಡಿಯಿತು. ಸೋಮು ನನ್ನ ಚಿತ್ರದ ಪಕ್ಕ ಎರಡೂ ಫೋಟೋ ಇಟ್ಟ.

"ಎಲ್ಲಯ್ಯ ನಿನ್ ಹುತ್ತ? ಕಂಡಿದ್ದನ್ನೇ ಬರೀತೀನಿ ಅಂತಿದ್ದೆ?"

ಮೊದಲ ಫೋಟೋದಲ್ಲಿ ಪೊದೆಯ ಬುಡ ಖಾಲಿ. ಎರಡನೆಯದರಲ್ಲೂ ಖಾಲಿ. ನಡುವಿನ ಹೊತ್ತು ನನ್ನ ಕಾಗದದಲ್ಲಿ ಮಾತ್ರ ಇದೆ. ನಗುತ್ತಿದ್ದ ಸೋಮು ಚಿತ್ರವನ್ನು ಕಣ್ಣ ಹತ್ತಿರ ತಂದ. ಮಣ್ಣಿನ ಬಿರುಕೆಂದು ನಾನು ಹಾಕಿದ್ದ ಪಟ್ಟೆಗಳ ಮೇಲೆ ಬೆರಳಾಡಿಸಿದ. ಬೈಕಿನ ಕೀ ತೆಗೆದುಕೊಂಡ.

ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಹೆಂಗಸು ದಿನವೂ ಅಲ್ಲೇ ಕೂರುತ್ತಾರೆ.

ಕೆಂಪಮ್ಮ ಮನೆ ಮುಂದೆ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಅವರನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಬೈಕಿನಿಂದ ಇಳಿದದ್ದು.

"ಬನ್ನಿ ಮೇಷ್ಟ್ರೇ. ನೀವು ಆಚೆ ಕಟ್ಟಿಸುದ್ರಲ್ಲ ಆ ಕರು, ಓಯ್ತು ಬುಡಿ."

ಹಿಂದಿನ ದಿನ ಹಾಡುಹಗಲೇ, ಅದೇ ಹೊಂಗೆ ಮರದಡಿಯಿಂದ, ಹುಲಿ ಕರುವನ್ನು ಎತ್ತಿಕೊಂಡು ಹೋಗಿತ್ತು.

"ನಾನು ಅಲ್ಲೇ ಸೌದೆ ಆಯ್ತಿದ್ದೆ. ಫಾರೆಸ್ಟ್‌ನೋರು ಬಂದು ಪೊದೆ ಒಳಗೆ ನೋಡುದ್ರು. ಬಾಳ ದಿನದಿಂದ ಅಲ್ಲೇ ಮನಗ್ತಿತ್ತಂತೆ. ಹುಲ್ಲೆಲ್ಲ ಅಪ್ಪಚ್ಚಿ ಆಗೈತೆ."

ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು.

"ನಮ್ ಹೊಲ್ದಾಗೆ ಹುತ್ತನೇ ಇಲ್ವಲ್ಲ ಮೇಷ್ಟ್ರೇ" ಎಂದರು. ಆಮೇಲೆ ಮೆಲ್ಲಗೆ, "ಅವತ್ತು ಕತ್ತಿನ್ ಕೂದ್ಲೆಲ್ಲ ನೆಟ್ಟಗಾಗಿತ್ತು ಕಣ್ರೀ. ಯಾರೋ ಇಂದೆ ಕುಂತವ್ರೆ ಅನ್ನಂಗೆ. ತಿರುಗಾಕೋದೆ. ನೀವು ಅಲ್ಲಾಡ್ಬ್ಯಾಡಿ ಅಂದ್ರಿ."

"ಅಂದ್ರೆ ಸುಮ್ನಾಗಿಬಿಡೋದಾ ದೊಡ್ಡಮ್ಮ?" ಎಂದು ಸೋಮು ರೇಗಿದ.

"ಇನ್ನೇನ್ಲಾ ಮತ್ತೆ? ಮೇಷ್ಟ್ರು ಎದುರ್ಗೆ ಕುಂತು ಕಣ್ಣು ಮಿಟುಕಿಸ್ದಂಗೆ ನೋಡ್ತಾವ್ರೆ. ಏನಾರ ಇದ್ರೆ ಅವ್ರಿಗೆ ಕಾಣಾಕಿಲ್ವಾ ಅಂದ್ಕಂಡೆ."

ಈಗ ಹೇಳಿ. ಫೋಟೋ ಮೇಲೋ, ಎದುರು ಕೂತು ಬರೆಯುವುದು ಮೇಲೋ? ನನ್ನ ವಾದ ಈಗಲೂ ಅದೇ. ಎದುರು ಕೂತರೆ ಎಲ್ಲವೂ ಕಾಣುತ್ತದೆ. ನನಗೂ ಕಂಡಿತ್ತು. ಕಂಡದ್ದು ನನಗೆ ಗೊತ್ತಿದ್ದದ್ದಕ್ಕೆ ಹೊಂದಲಿಲ್ಲ, ತಿದ್ದಿಕೊಂಡೆ. ಮನೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ಹೆಂಡತಿಯ ಮುಖ ಬಾಡಿರುತ್ತದೆ, ಕಣ್ಣಿಗೆ ಕಂಡಿರುತ್ತದೆ, ಕೆಲಸದ ದಣಿವು ಎಂದು ನಾವೇ ಹೆಸರಿಟ್ಟು ಪೇಪರ್ ಓದಲು ಕೂರುತ್ತೇವೆ.

ಕೆಂಪಮ್ಮ ಈಗ ಆ ಮರದ ಕಡೆ ಹೋಗುತ್ತಿಲ್ಲ. ನಾನು ಮಾತ್ರ ದಿನವೂ ಹೋಗುತ್ತೇನೆ, ಈ ಕಾಗದದ ಮೂಲಕ.

ನಿನ್ನೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ರಬ್ಬರ್ ಅಳಿಸಿದ್ದು ಸೀಸವನ್ನು ಮಾತ್ರ. ಪೆನ್ಸಿಲ್ ಒತ್ತಿದ ಗುರುತು ಹಾಗೇ ಇದೆ. ದುಂಡನೆಯ ಕಿವಿ. ಅದು ನನ್ನ ಕಡೆಗೇ ತಿರುಗಿದೆ.

ಅವತ್ತು "ಅಲ್ಲಾಡಬೇಡಿ" ಎಂದು ನಾನು ಗದರಿದಾಗ, ಆ ಮಾತು ಕೇಳಿದ್ದು ಕೆಂಪಮ್ಮ ಒಬ್ಬರೇನಾ?