ಹುಳಿಗೆ ಕಂಬಳಿ ಹೊದಿಸಿ

ಒಂಟಿಕೊಪ್ಪಲಿನ ಇಂದ್ರಮ್ಮ ಕಾಶಿಗೆ ಹೋಗಿಬಂದಿದ್ದಾರೆ. ಹರಿದ್ವಾರ, ಪುರಿ, ದ್ವಾರಕೆ, ಕನ್ಯಾಕುಮಾರಿ ಎಲ್ಲವೂ ಆಗಿದೆ. ಆದರೆ ಕಾಶಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಅವರು ಒಂದು ಕ್ಷಣ ಯೋಚಿಸಿ, "ನಲ್ಲಿ ನೀರು ಸಣ್ಣಕ್ಕೆ ಬರುತ್ತೆ. ಒಲೆ ಪರವಾಗಿಲ್ಲ" ಎನ್ನುತ್ತಾರೆ.

ಮೈಸೂರಿನ ಜನ ದೂರದ ಪ್ರವಾಸಕ್ಕೆ ಹೊರಟರೆ ಅಡುಗೆಯವರನ್ನು ಜೊತೆಗೇ ಕರೆದೊಯ್ಯುವುದು ವಾಡಿಕೆ. ಹಿಮಾಲಯದ ಬುಡದಲ್ಲಿ ನಿಂತರೂ ಮಧ್ಯಾಹ್ನಕ್ಕೆ ಅನ್ನ ಹುಳಿ ಆಗಲೇಬೇಕು. ಬಸ್ಸು ಊರು ಸೇರಿದ ಕೂಡಲೇ ಪ್ರವಾಸಿಗರು ದೇವಸ್ಥಾನಕ್ಕೋ ಕೋಟೆಗೋ ಹೋಗುತ್ತಾರೆ. ಅಡುಗೆಯವರು ಛತ್ರದ ಹಿಂಬಾಗಿಲಿನಿಂದ ಒಳಗೆ ಹೋಗಿ ಬೇಳೆ ತೊಳೆಯುತ್ತಾರೆ. ಪ್ರವಾಸಿಗರು ಬರುವ ಹೊತ್ತಿಗೆ ಎಲೆ ಹಾಕಿರಬೇಕು, ಅವರು ಮಲಗಿದ ಮೇಲೆ ಪಾತ್ರೆ ಬೆಳಗಿರಬೇಕು. ಇಂದ್ರಮ್ಮ ಈ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಗಿತ್ತು. ಪುರಿಯಲ್ಲಿ ಸಮುದ್ರದ ಸದ್ದು ಅಡುಗೆಮನೆಯ ಕಿಟಕಿಯವರೆಗೂ ಬಂದಿತ್ತು. ಅದನ್ನು ಕೇಳಿಸಿಕೊಂಡೇ ಅವರು ಬದನೆಕಾಯಿ ಹೆಚ್ಚಿದ್ದರು.

ಅವರ ಗಂಡ ನಿಂಗಯ್ಯ ಯಾದವಗಿರಿಯ ಒಂದು ಬಂಗಲೆಯಲ್ಲಿ ತೋಟದ ಕೆಲಸ ನೋಡಿಕೊಳ್ಳುವವರು, ಮಾತಿನಲ್ಲಿ ಕುಶಾಲು ಜಾಸ್ತಿ. ಬೀದಿಯವರ ಮುಂದೆ, "ಇಂಡಿಯಾ ಮ್ಯಾಪಲ್ಲಿರೋ ಸಿಂಕೆಲ್ಲ ನಮ್ಮವಳು ತೊಳ್ದವ್ಳೆ ಕಣ್ರೀ" ಎಂದು ಹೇಳಿ ನಗಿಸುತ್ತಿದ್ದರು. ಇಂದ್ರಮ್ಮನೂ ನಗುತ್ತಿದ್ದರು. ಒಂದು ದಿನ ಮಾತ್ರ ನಗಲಿಲ್ಲ. ಅದು ಹರೀಶ ಅಂಡಮಾನ್ ಪ್ರವಾಸದ ಬ್ಯಾನರನ್ನು ಅಂಗಡಿಗೆ ಕಟ್ಟಿಸಿದ ದಿನ.

ಹರೀಶ ಪ್ರವಾಸದ ವ್ಯವಸ್ಥೆ ಮಾಡುವವನು. ಬ್ಯಾನರಿನಲ್ಲಿ ಒಂದು ಪಾಳು ಗೋಡೆಯಿತ್ತು, ಆ ಗೋಡೆಯನ್ನು ಮರದ ಬೇರುಗಳು ಬಾಚಿ ತಬ್ಬಿಕೊಂಡಿದ್ದವು; ಹಿಂದೆ ನೀಲಿ ನೀರು. ಇಂದ್ರಮ್ಮ ಅದರ ಕೆಳಗೆ ಬಹಳ ಹೊತ್ತು ನಿಂತು, ಆಮೇಲೆ ಒಳಗೆ ಹೋದರು.

"ಹರೀಶಪ್ಪ, ಈ ಗೋಡೆ ಇರೋ ಜಾಗಕ್ಕೆ ನಾನೂ ಬತ್ತೀನಿ."

"ಬರ್ಲೇಬೇಕಲ್ಲ ಇಂದ್ರಮ್ಮನೋರೇ, ನೀವಿಲ್ದೆ ಊಟ ಎಂಗೆ?"

"ಊಟಕ್ಕಲ್ಲ. ನೋಡಕ್ಕೆ. ಅವತ್ತು ಒಂದು ದಿನ ನಾನು ಲಾಡ್ಜಲ್ಲಿ ಇರಾಕಿಲ್ಲ."

ಹರೀಶ ಪೆನ್ನು ಕೆಳಗಿಟ್ಟ. ಕೆಟ್ಟವನಲ್ಲ, ಆದರೆ ಅವನ ಭಯ ಅವನಿಗೆ. ಪ್ರವಾಸಕ್ಕೆ ಮೊದಲು ಹೆಸರು ಕೊಟ್ಟಿದ್ದವರು ಕುವೆಂಪುನಗರದ ಶಿವರುದ್ರಪ್ಪನವರು, ನಿವೃತ್ತ ಎಂಜಿನಿಯರ್. ಅವರ ಷರತ್ತು ಒಂದೇ: ಮಧ್ಯಾಹ್ನ ಬಿಸಿ ಅನ್ನ, ಬಿಸಿ ಹುಳಿ. ಪೊಟ್ಟಣ ಕಟ್ಟಿದ ಚಿತ್ರಾನ್ನ ಕೊಟ್ಟರೆ ಮುಂದಿನ ಸಲ ಬೇರೆಯವರ ಜೊತೆ ಹೋಗುತ್ತೇನೆ ಎಂದು ಮೊದಲೇ ಹೇಳಿದ್ದರು. ಅವರ ಹಿಂದೆ ಇಡೀ ಬಡಾವಣೆಯ ಗೆಳೆಯರ ಬಳಗವಿತ್ತು.

"ಅವತ್ತು ಬೆಳಿಗ್ಗೆ ದೋಣೀಲಿ ಆ ಪಾಳು ದ್ವೀಪ, ವಾಪಸ್ ಬಂದು ಬೀಚಲ್ಲಿ ಊಟ. ಬೀಚಲ್ಲಿ ಒಲೆ ಹಚ್ಚಂಗಿಲ್ಲ. ನೀವು ಲಾಡ್ಜಲ್ಲಿ ಮಾಡಿ ಬಿಸಿಬಿಸಿ ತರ್ಬೇಕು. ದೋಣಿ ಹತ್ತಿದ್ರೆ ಅಡುಗೆ ಯಾರು ಮಾಡ್ತಾರೆ?"

"ಬೆಳಿಗ್ಗೇನೆ ಮಾಡಿಟ್ಟು ಬತ್ತೀನಿ. ಮಧ್ಯಾಹ್ನ ಬಿಸಿ ಇರ್ತದೆ."

"ಇಲ್ದಿದ್ರೆ?"

"ಇಲ್ದಿದ್ರೆ ಇನ್ಯಾವತ್ತೂ ಕೇಳಾಕಿಲ್ಲ. ಸಿಂಕೇ ಸಾಕು ಅಂತೀನಿ."

ಹರೀಶ ಒಪ್ಪಿದ.

ಇಂದ್ರಮ್ಮನಿಗೆ ಧೈರ್ಯ ಕೊಟ್ಟದ್ದು ತಾಯಿಯ ನೆನಪು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ, ನಾಟಿ ದಿನ ಆಳುಗಳಿಗೆ ಅಡುಗೆ ಮಾಡಿ, ಮಡಕೆಯನ್ನು ಭತ್ತದ ಹುಲ್ಲಿನೊಳಗೆ ಹೂತು ಮೇಲೆ ಕಂಬಳಿ ಹೊದಿಸಿ, ತಾಯಿಯೂ ಗದ್ದೆಗೆ ಇಳಿಯುತ್ತಿದ್ದಳು. ಮಧ್ಯಾಹ್ನ ಕಂಬಳಿ ತೆಗೆದರೆ ಹಬೆ ಏಳುತ್ತಿತ್ತು. ಹುಲ್ಲು ಶಾಖ ಕೊಡುವುದಿಲ್ಲ, ಇರುವ ಶಾಖವನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ.

ಆದರೆ ನೆನಪನ್ನು ನಂಬಿ ಹದಿನೆಂಟು ಜನರ ಊಟ ಮಾಡುವಂತಿಲ್ಲ. ಇಂದ್ರಮ್ಮ ಮನೆಯಲ್ಲೇ ಪರೀಕ್ಷೆ ಶುರುಮಾಡಿದರು. ಬಂಗಲೆಯ ಮದುವೆಗೆ ಹೂವು ತುಂಬಿ ಬಂದಿದ್ದ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಗಳನ್ನು ನಿಂಗಯ್ಯ ಕೇಳಿ ತಂದರು. ಬರೀ ಕಂಬಳಿ ಸುತ್ತಿಟ್ಟ ದಿನ ಹುಳಿ ಮಧ್ಯಾಹ್ನಕ್ಕೆ ಉಗುರುಬೆಚ್ಚಗಾಯಿತು. ಬರೀ ಪೆಟ್ಟಿಗೆಯಲ್ಲಿಟ್ಟ ದಿನ ಇನ್ನೂ ಸ್ವಲ್ಪ ವಾಸಿ. ಎರಡೂ ಸೇರಿಸಿದ ದಿನ ಬೆರಳು ಅದ್ದಲಾಗಲಿಲ್ಲ. ಅರ್ಧ ತುಂಬಿದ ಡಬರಿ ಬೇಗ ಆರುತ್ತದೆ, ಕಂಠದವರೆಗೆ ತುಂಬಿದ್ದು ತಡೆಯುತ್ತದೆ ಎಂಬುದೂ ಗೊತ್ತಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದರಿಂದ ಯಾವುದರಿಂದ ಏನಾಯಿತೆಂಬ ಗೊಂದಲ ಉಳಿಯಲಿಲ್ಲ. ಗೊಂದಲವೆಲ್ಲ ನಿಂಗಯ್ಯನವರದು. ಘಳಿಗೆಗೊಮ್ಮೆ ಮುಚ್ಚಳ ತೆಗೆದು, "ಬಿಸಿ ಐತಾ ನೋಡ್ತಿದ್ದೆ ಕಣೆ" ಎನ್ನುತ್ತಿದ್ದರು.

"ನೀವು ನೋಡ್ತಾ ಇದ್ರೆ ಅದು ಆರ್ತಾ ಇರ್ತದೆ. ಅತ್ತ ಓಗಿ!"

ಇನ್ನೊಂದು ವಿಷಯ ತಿಳಿದದ್ದು ಒಂದು ಡಬರಿ ಹುಳಿ ಚೆಲ್ಲಿದ ಮೇಲೆ. ಹಸಿ ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ ಪೆಟ್ಟಿಗೆಯೊಳಗೆ ಕೂತು ಕೂತು ಹಳಸಿದ ವಾಸನೆ ಹಿಡಿಯಿತು. ಒಣ ಕೊಬ್ಬರಿ ಹಾಕಿದಾಗ ಸಂಜೆಯಾದರೂ ಕೆಡಲಿಲ್ಲ. ಆದ್ದರಿಂದ ಕೊಬ್ಬರಿಯೇ ಎಂದು ತೀರ್ಮಾನವಾಯಿತು. ಒಳ್ಳೆಯ ಕೊಬ್ಬರಿ ಬಟ್ಟಲುಗಳನ್ನು ಆರಿಸಿ ತಂದು, ಮಸಾಲೆ ಪುಡಿ, ಬೇಳೆಯ ಜೊತೆ ಅದೇ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ತುಂಬಿ, ಟೇಪು ಸುತ್ತಿ, ಮೇಲೆ ತಮ್ಮ ಹೆಸರು ಬರೆಸಿದರು.

ತಪ್ಪಾದದ್ದು ಅಲ್ಲೇ. ರೈಲು, ಬಸ್ಸಿನ ಅಭ್ಯಾಸದವರು ವಿಮಾನಕ್ಕೆ ಸಾಮಾನು ಕಟ್ಟಿದ್ದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಂದ್ರಮ್ಮನ ಹೆಸರು ಕೂಗಿದರು. ಪೆಟ್ಟಿಗೆ ಬಿಚ್ಚಿ ಕೊಬ್ಬರಿಯನ್ನೆಲ್ಲ ಒಂದು ಕಡೆ ಎತ್ತಿಟ್ಟರು. ಬೇಳೆ ಹೋಗಬಹುದು, ಪುಡಿ ಹೋಗಬಹುದು, ಕೊಬ್ಬರಿ ಮಾತ್ರ ವಿಮಾನ ಹತ್ತುವಂತಿಲ್ಲ. ಹರೀಶನಿಗೆ ರೇಗಿತು.

"ಕೊಬ್ಬರಿ ಏನ್ ಮಾಡುತ್ತೆ ಸಾರ್? ದೇವರಿಗೆ ಇಡೋದು!"

"ಎಣ್ಣೆ ಪದಾರ್ಥ ಸಾರ್, ಗಾಳಿ ಆಡದೆ ಒತ್ತೊತ್ತಾಗಿ ಬಿದ್ದಿದ್ರೆ ತಾನಾಗೇ ಬಿಸಿಯಾಗುತ್ತೆ. ಬೆಂಕಿ ಹತ್ತಬಹುದು" ಎಂದರು ಅಲ್ಲಿದ್ದ ಸಿಬ್ಬಂದಿ.

ಇಂದ್ರಮ್ಮ ವಾದ ಮಾಡಲಿಲ್ಲ. ಬಿಸಿಯನ್ನು ಒಳಗೆ ಹಿಡಿದಿಡಲೆಂದು ತಾನು ಅಷ್ಟು ಒದ್ದಾಡಿ ಮಾಡಿದ್ದನ್ನು ಕೊಬ್ಬರಿ ತಾನಾಗಿ ಮಾಡಿಕೊಳ್ಳುತ್ತದೆ ಎಂದರೆ ನಂಬದಿರಲು ಕಾರಣವೇನೂ ಕಾಣಲಿಲ್ಲ.

ವಿಮಾನದಲ್ಲಿ ಹರೀಶ ಅವರ ಸೀಟಿನ ಪಕ್ಕ ಬಂದು ಬಗ್ಗಿದ. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆವತ್ತು ನೀವು ಲಾಡ್ಜಲ್ಲೇ ಇದ್ದು ಮಾಡ್ಬುಡಿ. ಅಲ್ಲಿ ಕಾಯಿಗೇನು ಬರಾನಾ? ಹಸೀ ಕಾಯಿ ಹಾಕಿ ಆಗಿಂದಾಗ್ಲೇ ಬಡಿಸಿದ್ರೆ ಕೆಡಲ್ಲ."

"ಮಾತು ಅಂದ್ರೆ ಮಾತು ಹರೀಶಪ್ಪ. ನೀವು ದೋಣಿ ಟಿಕೆಟ್ ತಗಳಿ."

"ಕೊಬ್ಬರಿ?"

"ಅದು ನನ್ನ ತಲೆನೋವು."

ಪೋರ್ಟ್‌ಬ್ಲೇರಿಗೆ ಇಳಿದ ಸಂಜೆ ಎಲ್ಲರೂ ಸೆಲ್ಯುಲರ್ ಜೈಲು ನೋಡಲು ಹೊರಟರು. ಕತ್ತಲಾದ ಮೇಲೆ ಅಲ್ಲಿ ದೀಪ ಬಿಟ್ಟು ಜೈಲಿನ ಕಥೆ ಹೇಳುವ ಪ್ರದರ್ಶನವಿತ್ತು. ಇಂದ್ರಮ್ಮನಿಗೂ ಆಸೆಯಿತ್ತು, ಆದರೆ ಆ ಸಂಜೆಯನ್ನು ಅವರು ಮನಸ್ಸಿನಲ್ಲೇ ತೂಗಿ ಕೈಬಿಟ್ಟಿದ್ದರು. ಅಡುಗೆ ಮುಗಿಸಿ, ಕೊಬ್ಬರಿ ಸಿಗದೆ ಮಾರುಕಟ್ಟೆಯಿಂದ ತಂದ ಹಸಿ ತೆಂಗಿನಕಾಯಿಗಳನ್ನು ಒಡೆದು ತುರಿದು, ಲಾಡ್ಜಿನ ದೊಡ್ಡ ಬಾಣಲೆಗೆ ಸುರಿದು, ಉರಿಯನ್ನು ಇದ್ದೂ ಇಲ್ಲದಂತೆ ಇಟ್ಟರು. ಹಸಿ ಕಾಯಿ ಹಳಸುವುದು ಅದರಲ್ಲಿರುವ ನೀರಿನಿಂದ. ನೀರು ಹೋದರೆ ಅದೂ ಕೊಬ್ಬರಿಯೇ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಆಗುವುದನ್ನು ಬಾಣಲೆಯಲ್ಲಿ ಒಂದು ಸಂಜೆ ಮಾಡಬೇಕು.

ಉರಿ ಹೆಚ್ಚಾದರೆ ಸೀಯುತ್ತದೆ, ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ಆ ಊರಿನಲ್ಲಿ ಐದೂವರೆಗೇ ಕತ್ತಲಾಯಿತು. ತುರಿ ಮೊದಲು ಹಬೆಯಾಡಿತು, ಆಮೇಲೆ ಉದುರುದುರಾಯಿತು, ಕೊನೆಗೆ ಗೋಧಿ ಬಣ್ಣಕ್ಕೆ ತಿರುಗಿ ಸೌಟಿನಡಿ ಮರಳಿನಂತೆ ಸದ್ದು ಮಾಡಿತು. ಭುಜ ನೋಯುತ್ತಿತ್ತು. ಜೈಲು ನೋಡಿ ಬಂದ ಶಿವರುದ್ರಪ್ಪನವರ ಹೆಂಡತಿ ದೇವಿರಮ್ಮ ನೀರು ಕುಡಿಯಲು ಒಳಗೆ ಬಂದವರು ಮೂಗರಳಿಸಿದರು.

"ಏನ್ರೀ ಇದು, ಬೀದಿಗೆಲ್ಲ ಘಮ ಅಂತೈತೆ! ನಮ್ ಜೊತೆ ಬರೋದು ಬಿಟ್ಟು ಇಲ್ಲೇನು ಮಾಡ್ತಿದ್ರಿ?"

"ನಾಳೆಗೆ ದೋಣಿ ಟಿಕೆಟ್ ಹುರೀತಿದ್ದೆ ಕಣಮ್ಮ" ಎಂದರು ಇಂದ್ರಮ್ಮ.

ಮಾರನೆಯ ಬೆಳಿಗ್ಗೆ ಹುಳಿಯನ್ನು ಕೊತಕೊತ ಕುದಿಸಿ, ಒಲೆಯಿಂದ ಇಳಿಸಿದವರೇ ಮುಚ್ಚಳ ಬಿಗಿದು, ಕಂಬಳಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟರು. ಅನ್ನದ್ದೂ ಹಾಗೆಯೇ. ಎರಡೂ ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿ, ಅದನ್ನು ಬೀಚಿಗೆ ಒಯ್ಯುವ ಚಾಲಕನಿಗೆ ಬೆರಳೆತ್ತಿ ಸನ್ನೆಯಲ್ಲೇ ಹೇಳಿದರು: ಮುಟ್ಟಬೇಡ. ನಿಂಗಯ್ಯ ಸದ್ಯ ಇಲ್ಲಿಲ್ಲವಲ್ಲ ಎಂದು ಒಳಗೊಳಗೇ ನಕ್ಕರು. ಆಮೇಲೆ ಇಸ್ತ್ರಿ ಮಾಡಿದ ಸೀರೆ ಉಟ್ಟು ದೋಣಿ ಹತ್ತಿದರು.

ದ್ವೀಪದಲ್ಲಿ ಗೋಡೆ ನಿಜಕ್ಕೂ ಹಾಗೆಯೇ ಇತ್ತು. ಬ್ರಿಟಿಷರು ಕಟ್ಟಿ ಬಿಟ್ಟುಹೋದ ಚರ್ಚಿನ ಇಟ್ಟಿಗೆಗಳನ್ನು ಬೇರುಗಳು ಹಿಡಿದು ನಿಲ್ಲಿಸಿದ್ದವು. ಮರ ಗೋಡೆಯನ್ನು ಕೆಡವುತ್ತಿದೆಯೋ ಎತ್ತಿ ಹಿಡಿದಿದೆಯೋ ಎಂದು ಇಂದ್ರಮ್ಮ ಸುತ್ತು ಹಾಕಿ ನೋಡಿದರು. ಎರಡೂ ಹೌದು ಅನ್ನಿಸಿತು. ಒಂದು ಜಿಂಕೆ ಹತ್ತಿರ ಬಂದು ಸೀರೆಯ ಸೆರಗು ಮೂಸಿತು. ಮುಂದೆ ಹೋದರೆ ಹರೀಶ ಫಲಕ ಓದಿ, "ಇದು ಬೇಕರಿ ಅಂತೆ" ಎಂದ.

"ಅಡುಗೆಮನೆ ನೋಡಕ್ಕೆ ಇಲ್ಲಿಗಂಟ ಬರ್ಬೇಕಿತ್ತಾ?" ಎಂದರು ಇಂದ್ರಮ್ಮ. ಎಲ್ಲರೂ ನಕ್ಕು ಮುಂದೆ ನಡೆದರು. ಅವರು ಮಾತ್ರ ಎರಡು ಹೆಜ್ಜೆ ಇಟ್ಟು ಹಿಂದಿರುಗಿ ಬಂದು ಒಳಗೆ ಇಣುಕಿದರು. ಚಾವಣಿ ಇಲ್ಲ. ಯಾರೋ ಇಲ್ಲಿ ನಿಂತು ಹಿಟ್ಟು ನಾದಿದ್ದರು. ಅವರ ಹೆಸರು ಫಲಕದಲ್ಲಿರಲಿಲ್ಲ. ಅವರು ಯಾವತ್ತಾದರೂ ಆಚೆ ಹೋಗಿ ನೀರು ನೋಡಿದ್ದರೋ ಇಲ್ಲವೋ. ಇಂದ್ರಮ್ಮ ಹಣೆಗೆ ಕೈ ಮುಟ್ಟಿಸಿ ಗುಂಪು ಸೇರಿಕೊಂಡರು.

ವಾಪಸಾಗುವಾಗ ದೋಣಿಯ ಹಗ್ಗ ಸಿಕ್ಕಿಕೊಂಡು ತಡವಾಯಿತು. ಬೀಚು ಸೇರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹರೀಶ ಗಡಿಯಾರ ನೋಡುವುದನ್ನೇ ಬಿಟ್ಟು ಪೆಟ್ಟಿಗೆಗಳನ್ನು ನೋಡುತ್ತಿದ್ದ. ಮನೆಯಲ್ಲಿ ಮಾಡಿದ ಯಾವ ಪರೀಕ್ಷೆಯಲ್ಲೂ ಇಷ್ಟು ಹೊತ್ತು ಇಟ್ಟಿರಲಿಲ್ಲ. ತೆಂಗಿನ ಮರಗಳ ನೆರಳಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಕೂತರು. ಶಿವರುದ್ರಪ್ಪನವರು ಮಾತ್ರ ಎದ್ದು ಬಂದು ಪೆಟ್ಟಿಗೆಯ ಪಕ್ಕದಲ್ಲೇ ನಿಂತರು.

"ಬೆಳಿಗ್ಗೆ ಮಾಡಿದ್ದಾ ಇದು?"

"ಹೂಂ ಬುದ್ಧಿ. ಬೆಳಿಗ್ಗೇದೆ."

ಇಂದ್ರಮ್ಮ ಟೇಪು ಕಿತ್ತು, ಕಂಬಳಿ ಬಿಚ್ಚಿ, ಮುಚ್ಚಳಕ್ಕೆ ಕೈ ಹಾಕಿದರು. ಕೈ ಸರಕ್ಕನೆ ಹಿಂದೆ ಬಂತು. ಸೆರಗು ಸುತ್ತಿಕೊಂಡು ಮತ್ತೆ ಹಿಡಿದು ತೆಗೆದರು. ಬಗ್ಗಿ ನೋಡುತ್ತಿದ್ದ ಶಿವರುದ್ರಪ್ಪನವರ ಕನ್ನಡಕ ಪೂರ್ತಿ ಮಂಜಾಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಮಂಜಾದ ಕನ್ನಡಕದಲ್ಲೇ ಮೂಸಿದರು.

"ಹಳಸಿಲ್ಲ" ಎಂದರು. ಆಮೇಲೆ ಹಿಂದಿರುಗಿ, "ಲೇ ದೇವೀ, ತಟ್ಟೆ ತಾ. ಕಾಯಿ ಹುರಿದು ಹಾಕವ್ರೆ!" ಎಂದು ಕೂಗಿದರು.

ಹರೀಶ ಉಸಿರು ಬಿಟ್ಟದ್ದು ಅಲೆಯ ಸದ್ದಿನಲ್ಲೂ ಕೇಳಿಸಿತು.

ಇಂದ್ರಮ್ಮ ಮೊದಲ ಸುತ್ತು ಬಡಿಸಿದರು. ಎರಡನೆಯ ಸುತ್ತಿಗೆ ಸೌಟು ಎತ್ತುವಷ್ಟರಲ್ಲಿ ದೇವಿರಮ್ಮ ಅದನ್ನು ಕಸಿದುಕೊಂಡರು. "ಇತ್ತ ಕೊಡ್ರೀ. ಟಿಕೆಟ್ ಹುರಿದವರು ಇಲ್ಲೇ ನಿಂತ್ರೆ ಎಂಗೆ?"

ಇಂದ್ರಮ್ಮ ಚಪ್ಪಲಿಯನ್ನು ಪೆಟ್ಟಿಗೆಯ ಪಕ್ಕ ಬಿಟ್ಟು ನೀರಿನ ಕಡೆಗೆ ನಡೆದರು. ಮರಳು ಕಾದಿತ್ತು, ಆದ್ದರಿಂದ ಕೊನೆಯ ಹತ್ತಾರು ಮಾರು ಓಡಬೇಕಾಯಿತು. ಮೊದಲ ಅಲೆ ಪಾದ ತೋಯಿಸಿ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಬಿದ್ದೆನೇನೋ ಎಂದು ಅವರು ಗಟ್ಟಿಯಾಗಿ ಕಾಲೂರಿದರು. ಎರಡನೆಯದು ಮೊಣಕಾಲಿಗೆ ಬಂತು. ಇಸ್ತ್ರಿ ಸೀರೆ ಹೋಯಿತು. ನೀರು ಬೆಚ್ಚಗಿತ್ತು. ಬಗ್ಗಿ ಬೊಗಸೆಯಲ್ಲಿ ತುಂಬಿ ನಾಲಿಗೆಗೆ ತಾಗಿಸಿ, ಅಡುಗೆಯವರ ಅಭ್ಯಾಸದಂತೆ ಮುಖ ಕಿವಿಚಿದರು: ಉಪ್ಪು ವಿಪರೀತ.

ಹಿಂದಿನಿಂದ ಹರೀಶ ಕೂಗಿದ. "ಇಂದ್ರಮ್ಮನೋರೇ! ಉಪ್ಪಿನಕಾಯಿ ಎಲ್ಲಿಟ್ಟಿದ್ದೀರಿ?"

ಅವರು ತಿರುಗಲಿಲ್ಲ. ಮುಂದಿನ ಅಲೆ ದೊಡ್ಡದಿತ್ತು, ಅದನ್ನು ನೋಡುತ್ತಿದ್ದರು.

"ಅಲ್ಲೇ ಐತೆ, ಹುಡುಕ್ಕಳಿ!"