ಅತ್ತಿಗೆಯ ಅಳತೆ

ನನ್ನ ಗುಂಡಿ-ದಾರದ ಅಂಗಡಿಗೂ ಟೈಲರನ ಅಂಗಡಿಗೂ ನಡುವೆ ಒಂದೇ ಗೋಡೆ. ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಿದ ಕೆಲಸದವನನ್ನು ಅವನು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದನ್ನು ಕಂಡಿದ್ದೇನೆ. ಅಂಥವನು ಸ್ವಂತ ತಂಗಿಯ ವಿಷಯದಲ್ಲಿ ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲು ಖಿನ್ನತೆ ಬಂದದ್ದು ಅವನ ಹೆಂಡತಿಗೆ. ನಿದ್ದೆಯಿಲ್ಲ, ಊಟ ಸೇರದು, ಗೋಡೆ ನೋಡುತ್ತಾ ಕಣ್ಣೀರು. ಅವಳು ಸೊರಗಿದಂತೆಲ್ಲ ಅವಳ ಬಟ್ಟೆಗಳ ಹೊಲಿಗೆಯನ್ನು ಅವನೇ ಮತ್ತೆ ಮತ್ತೆ ಬಿಚ್ಚಿ ಬಿಗಿ ಮಾಡಿದ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟು ಮಗುವಿನಂತೆ ನೋಡಿಕೊಂಡ. ಆಕೆ ಚೇತರಿಸಿಕೊಂಡಳು. ಅಲ್ಲಿಯವರೆಗೆ ಅವನು ಅಪ್ಪಟ ಚಿನ್ನ, ಇಲ್ಲವೆನ್ನುವುದಿಲ್ಲ.

ಆಮೇಲೆ ಅದೇ ಡಾಕ್ಟರು ಅದೇ ಕಾಯಿಲೆಯ ಹೆಸರನ್ನು ಅವನ ತಂಗಿಗೂ ಹೇಳಿದರು. ಅಣ್ಣನ ಅಂಗಡಿಯಲ್ಲೇ ಅವಳು ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಬಾಯಿ ತೆರೆದರೆ ನಗು, ಅದಕ್ಕೇ ಬೀದಿಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಈಗ ಮಧ್ಯಾಹ್ನದವರೆಗೆ ಮಲಗುವಳು, ಎದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವಳು, ಗಿರಾಕಿಗಳ ಮೇಲೆ ಹರಿಹಾಯುವಳು. ಒಂದು ಹನಿ ಕಣ್ಣೀರಿಲ್ಲ.

"ಎದೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿದೆ ಅಕ್ಕ. ಬಿಸಿ ಇಲ್ಲ, ಬರೀ ಭಾರ" ಎಂದು ನನ್ನ ಹತ್ತಿರ ಹೇಳಿದ್ದಳು.

ಅಣ್ಣ ಟೇಪು ತಂದು ಅವಳ ಸೊಂಟಕ್ಕೆ ಸುತ್ತಿದ. "ಎರಡಿಂಚು ಜಾಸ್ತಿ ಆಗಿದ್ದಾಳೆ. ಇದು ಕಾಯಿಲೆನಾ? ನನ್ನ ಹೆಂಡ್ತಿ ಹೇಗಿದ್ಲು, ನೀವೇ ನೋಡಿದ್ದೀರಲ್ಲ ಅಕ್ಕ."

"ಒಬ್ಬೊಬ್ಬರಿಗೆ ಒಂದೊಂದು ಥರ ಅಂತ ಡಾಕ್ಟ್ರೇ ಹೇಳಿದ್ರಲ್ಲಪ್ಪ" ಎಂದೆ. "ಕೆಲವರಿಗೆ ಊಟ ಸೇರಲ್ಲ, ಕೆಲವರು ತಿಂತಾನೇ ಇರ್ತಾರೆ. ಕೆಲವರು ಅಳ್ತಾರೆ, ಕೆಲವರಿಗೆ ಬರೀ ಕೋಪ."

"ಸೋಮಾರಿತನಕ್ಕೂ ಮಾತ್ರೆ ಇದೆ ಅಂತ ಇವತ್ತೇ ಗೊತ್ತಾಗಿದ್ದು" ಎಂದು ನಕ್ಕ.

ಮಾತ್ರೆ ತರುವುದನ್ನು ನಿಲ್ಲಿಸಿಬಿಟ್ಟ. ಅವಳ ಸಂಬಳವೂ ಅವನ ಡ್ರಾಯರಿನಲ್ಲೇ ಇರುತ್ತಿತ್ತು. ನಾನು ತಂದುಕೊಟ್ಟ ಮಾತ್ರೆಗಳನ್ನು ಚರಂಡಿಗೆ ಎಸೆದು, "ನಮ್ಮ ಮನೆ ವಿಷಯ ನಮಗಿರಲಿ" ಎಂದ. ಅತ್ತಿಗೆಯಾದರೂ ಬಾಯಿ ಬಿಡುತ್ತಾಳೆಂದು ಕಾದೆ. "ನನಗೆ ಹೀಗೆಲ್ಲ ಆಗಿರಲಿಲ್ಲಪ್ಪ" ಎಂದು ಅವಳು ಗಾಯದ ಮೇಲೆ ಬರೆ ಎಳೆದಳು.

ಪಟಾಕಿ ಅಣ್ಣನ ಮುಂದೆ ಊಟದ ತಟ್ಟೆಯನ್ನು ದೂರ ಸರಿಸತೊಡಗಿದಳು. ನಾನು ಮರೆಯಲ್ಲಿ ಕರೆದು ಕೊಟ್ಟರೂ ಮುಟ್ಟಲಿಲ್ಲ. ಒಂದು ದಿನ ಕಾಜಾ ಹೊಲಿಯುತ್ತಲೇ ತಲೆಸುತ್ತಿ ಬಿದ್ದಳು.

ಎಬ್ಬಿಸಿ ಕೂರಿಸಿದ ಮೇಲೆ ಆ ಮಹಾರಾಯ ಮತ್ತೆ ಟೇಪು ಸುತ್ತಿದ. ಅದು ಸಡಿಲವಾಗಿ ಜಾರಿತು. "ಈಗ ನಿಜವಾಗ್ಲೂ ಕಾಯಿಲೆ ಬಂದಿದೆ, ಅಕ್ಕ" ಎಂದು ಗೊಳೋ ಎಂದು ಅತ್ತ. ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಅವನಿಗೆ ಚೆನ್ನಾಗಿ ಬೈದು ಮಾತ್ರೆಗಳನ್ನು ಮತ್ತೆ ಶುರುಮಾಡಿದರು.

ಗೇಟಿನ ಹೊರಗೆ ಅವನು ಬನ್ನು ಕೊಂಡು ತಂಗಿಯ ಬಾಯಿಯ ಹತ್ತಿರ ಹಿಡಿದ. ಅವಳು ಉಗುಳು ನುಂಗಿ ಮುಖ ತಿರುಗಿಸಿದಳು.

"ತಿನ್ನಮ್ಮಾ, ಹಸಿವಿಲ್ವಾ?"

"ತುಂಬಾ ಹಸಿವಿದೆ ಅಣ್ಣ. ತಿಂದ್ರೆ ಮತ್ತೆ ಮಾತ್ರೆ ನಿಲ್ಲಿಸಿಬಿಡ್ತೀಯ."