ಅಕ್ಕನಿಗೆ ಬೇಕಾಗಿದ್ದ ಆಪರೇಷನ್

ಬಿಡದಿಯ ಕಡೆ ಒಂದರ ಹಿಂದೊಂದು ಫ್ಯಾಕ್ಟರಿಗಳು ಏಳುತ್ತಿದ್ದ ವರ್ಷಗಳವು. ವಿರೂಪಾಕ್ಷಿಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋಗಿದ್ದ ನಮ್ಮಕ್ಕ ಅಲ್ಲೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಸಂಬಳ ಬರತೊಡಗಿದ ಮೇಲೆ ಅವಳ ನಡಿಗೆಯೇ ಬೇರೆಯಾಗಿತ್ತು. ಆಗಲೇ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು.

ಬೆಂಗಳೂರಿನ ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ಕ್ಯಾನ್ಸರ್ ಎಂದರು, ಇನ್ನೂ ಶುರುವಿನಲ್ಲೇ ಇದೆ ಎಂದೂ ಹೇಳಿದರು. ಡಾಕ್ಟರಮ್ಮ ಎರಡು ದಾರಿ ವಿವರಿಸಿದರು. ಗಂಟನ್ನೂ ಅದರ ಸುತ್ತಲಿನ ಒಂದಿಷ್ಟನ್ನೂ ತೆಗೆದು, ಆಮೇಲೆ ಕೆಲವು ವಾರ ದಿನಾ ಬಂದು ರೇಡಿಯೇಷನ್ ಕೊಡಿಸಿಕೊಳ್ಳುವುದು ಒಂದು. ಇಡೀ ಮೊಲೆ ತೆಗೆಯುವುದು ಇನ್ನೊಂದು. ಆಗ ರೇಡಿಯೇಷನ್ ಬಹುಶಃ ಬೇಕಾಗಲಾರದು.

"ಯಾವ್ದು ಮಾಡ್ಸುದ್ರೆ ಜಾಸ್ತಿ ದಿನ ಬದುಕ್ತೀನಿ?" ಅಕ್ಕ ಕೇಳಿದಳು.

"ನಿಮಗೆ ಎರಡೂ ಒಂದೇ ಅಮ್ಮ. ನೀವೇ ಯೋಚನೆ ಮಾಡಿ ಹೇಳಿ."

"ಹಂಗಾದ್ರೆ ಉಳಿಸ್ಬುಡಿ," ಎಂದಳು, ತಟ್ಟನೆ.

ಮನೆಗೆ ಬಂದು ಹೇಳಿದಾಗ ಅವಳ ಅತ್ತೆ, "ಎಲ್ಡು ಮಕ್ಳಿಗೆ ಹಾಲು ಕುಡ್ಸಾಯ್ತಲ್ಲವ್ವ, ಇನ್ಯಾಕದು? ಪೂರಾ ತೆಗ್ಸಾಕು," ಎಂದರು.

"ದಿನಾ ಬೆಂಗ್ಳೂರ್ಗೆ ಓಡಾಡುದ್ರೆ ಫ್ಯಾಕ್ಟ್ರಿಲಿ ಇಟ್ಕತಾರಾ? ಕೆಲ್ಸ ಹೋಯ್ತದೆ," ಎಂದರು ಭಾವ.

"ಚನ್ನಪಟ್ಟಣದಿಂದ ರೈಲಲ್ಲಿ ನಾನೇ ಕರ್ಕೊಂಡೋಗಿ ಬತ್ತೀನಿ, ಭಾವ."

"ನೀನು ಸುಮ್ಕಿರು."

ಅಕ್ಕ ಗಂಡನ ಮುಖವನ್ನೇ ನೋಡುತ್ತಾ, "ನಿಮ್ಗೂ ಅದು ಬ್ಯಾಡ್ವಾ?" ಎಂದು ಕೇಳಿದಳು.

"ಇದ್ರೆಷ್ಟು, ಬುಟ್ರೆಷ್ಟು," ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅಲ್ಲಿಂದಾಚೆಗೆ ಅಕ್ಕ ಆ ವಿಷಯ ಎತ್ತಲೇ ಇಲ್ಲ. ಆಪರೇಷನ್ ದಿನ ಡಾಕ್ಟರಮ್ಮ ಮತ್ತೊಮ್ಮೆ ಕೇಳಿದಾಗ, ತಲೆ ಎತ್ತದೆ, "ಪೂರಾ ತೆಗ್ದ್ಬುಡಿ," ಎಂದಳು.

ಹೊಲಿಗೆ ಬಿಚ್ಚಿದ ಮೇಲೆ ಮೊದಲ ಸಲ ತಲೆಗೆ ನೀರು ಹಾಕಲು ನನ್ನನ್ನು ಕರೆದಳು. ಬಚ್ಚಲಿನಲ್ಲಿ ಎದೆಯ ಮೇಲಿನ ಸೀರೆ ಹಿಡಿದುಕೊಂಡೇ ಕೂತಿದ್ದಳು.

"ನಂಗೆ ನೋಡ್ಕಳಾಕೆ ಧೈರ್ಯ ಬತ್ತಿಲ್ಲ. ನಿಮ್ ಭಾವ ಕಣ್ಣೆತ್ತೂ ನೋಡಿಲ್ಲ. ನೀನು ಒಸಿ ನೋಡಿ ಹೆಂಗೈತೆ ಹೇಳು."

ಸೆರಗು ಸರಿಸಿದೆ. ಕಂಕುಳಿನಿಂದ ಎದೆಯ ನಡುವಿನವರೆಗೆ ಕೆಂಪು ಗೆರೆ, ಉಳಿದದ್ದು ಸಪಾಟು. "ಚೆನ್ನಾಗಿ ಮಾಯ್ದೈತೆ ಕಣಕ್ಕ," ಎಂದೆ. ಅವಳು ಆ ಜಾಗವನ್ನು ಮೆಲ್ಲಗೆ ತಡವಿದಳು.

"ನನ್ನ ಮೈ ಅಲ್ವೇನೆ ಇದು?" ಎಂದವಳು ಗೋಡೆಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹಂಡೆಯ ನೀರು ಆರುವವರೆಗೂ ಅವಳ ಬೆನ್ನು ಸವರುತ್ತಾ ನಿಂತಿದ್ದೆ.

ಕಾಯಿಲೆ ಮತ್ತೆ ಬರಲಿಲ್ಲ. ಅಕ್ಕ ಫ್ಯಾಕ್ಟರಿಯ ಬಸ್ಸನ್ನೂ ಹತ್ತಿದಳು. ಆದರೆ ತನ್ನ ಹಾಸಿಗೆಯನ್ನು ಮಕ್ಕಳ ಪಕ್ಕಕ್ಕೆ ಹಾಕಿಕೊಂಡವಳು ಗಂಡನ ಕೋಣೆಗೆ ಮತ್ತೆ ಹೋಗಲಿಲ್ಲ. ಭಾವನೂ ಯಾಕೆ ಎಂದು ಕೇಳಲಿಲ್ಲ.